ಡ್ರೈವರನ ನಿದ್ದೆ ಯಾರ ಆಸ್ತಿ?

ಊರಿಗೆ ಹೋಗಿ ಬಂದವರ ಬಾಯಲ್ಲಿ ಒಂದೇ ಮಾತು. "ಡೊಂಬಿವಲಿಯಿಂದ ರಾತ್ರಿ ಎಂಟಕ್ಕೆ ಬಿಟ್ಟದ್ದು, ಬೆಳಿಗ್ಗೆ ಹತ್ತಕ್ಕೆ ಕುಂದಾಪುರದಲ್ಲಿ ಗಂಜಿ ಊಟ!" ಕಲ್ಯಾಣದವರು ಹೀಗೆಂದರೆ ನವಿ ಮುಂಬಯಿಯವರು ಅದರಲ್ಲಿ ಒಂದು ಗಂಟೆ ಕಡಿಮೆ ಮಾಡಿ ಹೇಳುತ್ತಾರೆ. ಥಾಣೆಯವರು ಮತ್ತರ್ಧ ಗಂಟೆ ಇಳಿಸುತ್ತಾರೆ. ಹೀಗೇ ನಡೆದರೆ ಇನ್ನೆರಡು ವರ್ಷಗಳಲ್ಲಿ ನಮ್ಮವರು ಹೊರಡುವ ಮೊದಲೇ ಊರು ಮುಟ್ಟಿಯಾರು.

ಬಾಡಿಗೆ ಗಾಡಿಯಲ್ಲಿ ಊರಿಗೆ ಹೋದ ಆ ಒಂದು ರಾತ್ರಿಯನ್ನು ನಾವು ವರ್ಷವಿಡೀ ಮೋರಿಯ ಬಳಿ ಲೋಟ ತೊಳೆಯುತ್ತ ಮೆಲುಕು ಹಾಕುತ್ತೇವೆ. ತಪ್ಪೇನಲ್ಲ. ಶಿಳಫಾಟಾದ ವಾಹನಗಳ ಸಂತೆ ದಾಟಿ, ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್ ರಸ್ತೆ ಹಿಡಿದು, ಪುಣೆ, ಸಾತಾರ, ಕೊಲ್ಹಾಪುರ ಕಳೆದು, ಕಾಗಲ್ ಆಚೆ ನಡುರಾತ್ರಿಯಲ್ಲಿ ಮೊದಲನೆಯ ಕನ್ನಡ ಬೋರ್ಡು ದೀಪಕ್ಕೆ ಹೊಳೆದಾಗ ಎದೆ ತುಂಬಿ ಬರುವುದು ಸುಳ್ಳಲ್ಲ. ವರ್ಷಕ್ಕೊಮ್ಮೆ ನಾವೂ ಸೀಟಿನಲ್ಲಿ ಕುಳಿತು, ಇನ್ನೊಬ್ಬರಿಂದ ಚಾ ತರಿಸಿಕೊಂಡು ಕುಡಿಯುವ ದಿನ ಅದು. ಎಲ್ಲಿ ಚಾ ಕುಡಿದೆವು, ಯಾರು ವಾಂತಿ ಮಾಡಿಕೊಂಡರು, ಧಾರವಾಡದಲ್ಲಿ ಪೇಡೆ ಕೊಳ್ಳಲು ಯಾರು ಮರೆತರು, ಎಲ್ಲವೂ ನೆನಪಿದೆ. ಗಾಡಿ ಓಡಿಸಿದವನ ಹೆಸರು ಮಾತ್ರ ನೆನಪಿಲ್ಲ.

ಇದನ್ನು ಬೇರೆಯವರ ಮೇಲಿನ ದೂರಾಗಿ ಬರೆಯುತ್ತಿಲ್ಲ. ನಮ್ಮದೇ ಕತೆ ಕೇಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಜೊತೆಯ ಭಟ್ಟರೊಬ್ಬರ ತಂದೆ ಊರಿನಲ್ಲಿ ತೀರಿಕೊಂಡರು. ರೈಲಿಗೆ ಟಿಕೇಟಿಲ್ಲ, ಬಸ್ಸು ಹೊರಟುಹೋಗಿತ್ತು. ಏಳು ಮಂದಿ ಚಂದಾ ಹಾಕಿ ಡೊಂಬಿವಲಿಯಲ್ಲಿ ಒಂದು ಗಾಡಿ ಗೊತ್ತುಮಾಡಿದೆವು. ಡ್ರೈವರ್ ಅಕ್ಕಲಕೋಟೆ ಕಡೆಯ ಕನ್ನಡದ ಹುಡುಗ, ಇಪ್ಪತ್ತೈದು ದಾಟಿರಲಿಲ್ಲ. ಹಿಂದಿನ ರಾತ್ರಿ ಶಿರಡಿಗೆ ಹೋದವನು ಅದೇ ಸಂಜೆ ಮರಳಿದ್ದ. ಮಾಲಕ ಅವನ ಕೈಗೆ ಮತ್ತೆ ಕೀಲಿ ಕೊಟ್ಟ. ನಮಗೆ ಅದು ಗೊತ್ತಿತ್ತು. ಗಾಡಿ ಸಿಕ್ಕಿತಲ್ಲ ಎಂದು ಹತ್ತಿ ಕುಳಿತೆವು.

ಹುಬ್ಬಳ್ಳಿ ದಾಟಿ ಯಲ್ಲಾಪುರ ಮುಟ್ಟುವಾಗ ಬೆಳಕು ಹರಿಯುತ್ತಿತ್ತು. ಹುಡುಗ ಗಾಡಿ ಬದಿಗೆ ಹಚ್ಚಿ, "ಅಣ್ಣಾರ, ಅರ್ಧಾ ತಾಸು ಕಣ್ಣು ಮುಚ್ಚತೀನ್ರಿ, ಘಾಟಾ ಐತಿ ಮುಂದ," ಎಂದ. ನಮ್ಮಲ್ಲಿ ಒಬ್ಬರು, ಹೆಸರು ಬೇಡ, ಏಳು ಮಂದಿಯ ಮನಸ್ಸಿನ ಮಾತನ್ನೇ ಅವರು ಆಡಿದರು: "ಹೆಣ ಕಾಯ್ತಾ ಇತ್ತ್ ಮಾರಾಯ, ಘಾಟಿ ಇಳ್ದ್ ಮೇಲ್ ಮನಿಕೋ."

ಅವನು ಮುಖಕ್ಕೆ ನೀರು ಚಿಮುಕಿಸಿಕೊಂಡು ಹೊರಟ. ಅರಬೈಲು ಘಾಟಿಯ ಒಂದು ತಿರುವಿನಲ್ಲಿ ಎಡಗಾಲಿ ಚರಂಡಿಗೆ ಇಳಿಯಿತು, ಮುಂಭಾಗ ಧರೆಗೆ ಬಡಿಯಿತು. ಬಲಕ್ಕೆ ಹೋಗಿದ್ದರೆ ಕಂದರ. ನಾವು ಏಳೂ ಮಂದಿ ಇಂದು ಬದುಕಿರುವುದು ಚರಂಡಿಯ ಕೃಪೆಯಿಂದ. ಹೆಣ ಸುಡುವ ಹೊತ್ತಿಗೆ ಬೇರೊಂದು ಗಾಡಿಯಲ್ಲಿ ಮುಟ್ಟಿದೆವು. ಹದಿನೈದು ದಿನ ಕಳೆದು ತಿಳಿದದ್ದು: ದುರಸ್ತಿಯ ಖರ್ಚನ್ನು ಮಾಲಕ ಹುಡುಗನ ಪಗಾರದಿಂದ ಮುರಿದುಕೊಂಡ. ನಾವು ಬಾಯಿ ಬಿಡಲಿಲ್ಲ.

ನಾವು ಯಾರು? ನಿದ್ದೆಗಣ್ಣಿನಲ್ಲಿ ಕೈಜಾರಿ ಒಡೆದ ಗ್ಲಾಸಿನ ಕಾಸನ್ನು ಪಗಾರದಲ್ಲಿ ಹಿಡಿದ ಧಣಿಯೆದುರು ನಿಂತು, "ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೆರಡಕ್ಕೆ ಮಲಗಿಸಿದರೆ ಗ್ಲಾಸು ಒಡೆಯದೆ ಇನ್ನೇನಾಗುತ್ತದೆ?" ಎಂದು ಜಗಳ ಕಾದವರು. ೧೯೪೮ರ ಮುಂಬಯಿ ಅಂಗಡಿ ಕಾಯಿದೆಯ ದಿನಕ್ಕೆ ೯ ಗಂಟೆ ಎಂಬ ಮಾತನ್ನು ಹಿರಿಯರಿಂದ ಬಾಯಿಪಾಠ ಕಲಿತವರು. ಥಾಣೆಯಲ್ಲಿ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಲ್ಲಿ ಗಿರಣಿ ಕೂಲಿಗಳ ಸಂಘ ಕಟ್ಟಿ, ೧೮೯೦ರಲ್ಲಿ ವಾರದ ರಜೆ ಗಿಟ್ಟಿಸಿಕೊಟ್ಟ ಕತೆಯನ್ನು ಮೇ ದಿನದ ಸಭೆಯಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಳ್ಳುವವರು. ಅದೇ ನಾವು ಒಂದು ರಾತ್ರಿಯ ಮಟ್ಟಿಗೆ ಧಣಿಗಳಾದಾಗ ಆಡಿದ ಮಾತು ಮೇಲೆ ಬರೆದಿದೆ.

ಮೋಟಾರು ಸಾರಿಗೆ ಕಾರ್ಮಿಕರಿಗೆಂದೇ ಪಾರ್ಲಿಮೆಂಟು ೧೯೬೧ರಲ್ಲಿ ಒಂದು ಕಾಯಿದೆ ಮಾಡಿತ್ತು. ದಿನಕ್ಕೆ ೮ ಗಂಟೆ, ವಾರಕ್ಕೆ ೪೮. ದೂರದ ದಾರಿಯಾದರೂ ದಿನಕ್ಕೆ ೧೦ ಗಂಟೆ ಮೀರಕೂಡದು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ೯ ಗಂಟೆಯ ಎಡೆ. ಒಂದೇ ಸಮನೆ ೫ ಗಂಟೆ ದುಡಿದ ಮೇಲೆ ಕಡಿಮೆಯೆಂದರೆ ಅರ್ಧ ಗಂಟೆ ವಿಶ್ರಾಂತಿ. ಅರ್ಧ ಗಂಟೆ! ಯಲ್ಲಾಪುರದಲ್ಲಿ ಆ ಹುಡುಗ ಕೇಳಿದ್ದು ಅಷ್ಟೇ. ಅವನು ಕಾಯಿದೆ ಓದಿದವನಲ್ಲ. ಅವನ ಕಣ್ಣು ಕೇಳಿತು.

ಐದು ಆಳಿಗಿಂತ ಕಡಿಮೆ ಇರುವ ಮಾಲಕನಿಗೆ ಆ ಕಾಯಿದೆ ತಾನಾಗಿ ತಗಲುತ್ತಿರಲಿಲ್ಲ. ನಮ್ಮ ಬಡಾವಣೆಗಳಲ್ಲಿ ಗಾಡಿ ಬಾಡಿಗೆಗೆ ಬಿಡುವವರಲ್ಲಿ ಎಷ್ಟೋ ಮಂದಿಗೆ ಇರುವುದೇ ಎರಡು ಮೂರು ಗಾಡಿ. ಈಗ ಆ ಕಾಯಿದೆ ೨೦೨೦ರ ಸಂಹಿತೆಯಲ್ಲಿ ಕರಗಿದೆ. ಕಾಯಿದೆಯ ಹೆಸರು ಬದಲಾದರೆ ಕಣ್ಣಿನ ರೆಪ್ಪೆಯ ಭಾರ ಬದಲಾಗುತ್ತದೆಯೆ?

ಇನ್ನು ಬಿಳಿ ಬೋರ್ಡಿನ ಗಾಡಿಗಳ ವಿಚಾರ. ಸ್ವಂತದ ಗಾಡಿಯನ್ನು ಪರವಾನಗಿ ಇಲ್ಲದೆ ಬಾಡಿಗೆಗೆ ಬಿಡುವವರಿದ್ದಾರೆ. ಹಳದಿ ಬೋರ್ಡಿನವನಿಗಿಂತ ಅಗ್ಗ, ಆದ್ದರಿಂದ ನಮ್ಮವರಿಗೆ ಪ್ರಿಯ. ಏನಾದರೂ ಆದರೆ ವಿಮಾ ಕಂಪೆನಿ ಮೊದಲು ಕೇಳುವುದು, "ಬಾಡಿಗೆ ಕೊಟ್ಟಿದ್ದಿರಾ?" ಎಂದು. ಹೌದೆಂದರೆ ಪರಿಹಾರಕ್ಕೆ ಕಲ್ಲು. ಅದಕ್ಕಾಗಿ, "ನಾವು ಗೆಳೆಯರು ಎಂದು ಹೇಳಿ," ಎಂದು ಮಾಲಕ ಮೊದಲೇ ಪಾಠ ಮಾಡಿರುತ್ತಾನೆ. ಉಳಿಸಿದ ನಾಲ್ಕು ಕಾಸಿಗಾಗಿ ಹೆಂಡತಿ ಮಕ್ಕಳ ಕೈಗೆ ಚಿಪ್ಪು ಕೊಡುವ ವ್ಯಾಪಾರ ಇದು.

ಇಲ್ಲಿ ಕೆಲವರು ಕೇಳುವ ಪ್ರಶ್ನೆ ನಮಗೆ ಗೊತ್ತು. "ಕೂತು ಬರೆಯುವುದು ಸುಲಭ. ಸಿಗುವುದು ನಾಲ್ಕು ದಿನದ ರಜೆ. ದಾರಿಯಲ್ಲಿ ಒಂದು ರಾತ್ರಿ ತಂಗಿದರೆ ಮನೆಯಲ್ಲಿ ಉಳಿಯುವುದೆಷ್ಟು?" ನಿಜವಾದ ಪ್ರಶ್ನೆ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲು ಪೂರ್ತಿ ತೆರೆದಾಗ ನಮ್ಮ ಕಷ್ಟ ಮುಗಿಯಿತೆಂದು ಹಿರಿಯರು ಪೇಡೆ ಹಂಚಿದ್ದರಂತೆ. ಮೇ ತಿಂಗಳಲ್ಲಿ, ಚೌತಿಯಲ್ಲಿ ಅದರ ಟಿಕೇಟು ಹಿಡಿಯುವುದೆಂದರೆ ಲಾಟರಿ. ಸಿಕ್ಕಿದರೂ ಕಲ್ಯಾಣ, ಡೊಂಬಿವಲಿಯವರು ಹೆಚ್ಚಾಗಿ ಗಂಟು ಮೂಟೆ ಹೊತ್ತು ಥಾಣೆಗೋ ಪನವೇಲಿಗೋ ಹೋಗಬೇಕು. ಕರಾವಳಿಯ ಹೆದ್ದಾರಿಯೋ, ೨೦೧೧ರಲ್ಲಿ ಹಿಡಿದ ಅಗಲ ಮಾಡುವ ಕೆಲಸ ಹತ್ತು ವರ್ಷ ಕಳೆದರೂ ಮುಗಿಯಲಿಲ್ಲ. ಅದೇ ಹೆದ್ದಾರಿಯಲ್ಲಿ, ೨೦೧೬ರ ಆಗಸ್ಟ್ ೨ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿದು ಎರಡು ಎಸ್.ಟಿ. ಬಸ್ಸುಗಳೇ ಕೊಚ್ಚಿಹೋದವು. ಹಾಗಾಗಿ ಪುಣೆಯ ಸುತ್ತುದಾರಿ, ಹಾಗಾಗಿ ಬಾಡಿಗೆ ಗಾಡಿ. ಗಾಡಿ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ.

ಆದರೆ ಲೆಕ್ಕ ಸರಿಯಾಗಿ ಮಾಡಿರಿ. ನಮ್ಮ ರಜೆಯನ್ನು ನಾಲ್ಕು ದಿನಕ್ಕೆ ಇಳಿಸಿದವನು ಯಾರು? ನಮ್ಮ ಹೋಟೆಲಿನ ಧಣಿ. ಐದನೆಯ ದಿನವನ್ನು ಅವನ ಗಲ್ಲೆಯ ಮುಂದೆ ನಿಂತು ಕೇಳಲು ನಮಗೆ ಧೈರ್ಯ ಬರಲಿಲ್ಲ. ಅದನ್ನು ಡ್ರೈವರನ ರೆಪ್ಪೆಯಿಂದ ಕಿತ್ತುಕೊಂಡೆವು. ಯಲ್ಲಾಪುರದಲ್ಲಿ ನಡೆದದ್ದು ಇಷ್ಟೇ.

ಹೆದ್ದಾರಿಯ ಹೋಟೆಲುಗಳಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಸಂಗತಿ ಗೊತ್ತು. ಗಾಡಿ ತುಂಬ ಗಿರಾಕಿ ತಂದ ಡ್ರೈವರನಿಗೆ ಊಟ ಧರ್ಮಕ್ಕೆ, ಮೂಲೆಯ ಮೇಜಿನಲ್ಲಿ. ನಾವು ಮಾಣಿಗಳಾಗಿದ್ದಾಗ ಬಡಿಸಿದ್ದೇವೆ. ಅವನು ತಟ್ಟೆಯ ಮೇಲೆ ತೂಕಡಿಸುತ್ತಿದ್ದರೆ ಬಿಸಿ ಚಾ ತಂದಿಟ್ಟು ಎಬ್ಬಿಸಿದ್ದೂ ಉಂಟು. ಚಾ ನಿದ್ದೆಯಲ್ಲ ಎಂದು ಆಗ ತಿಳಿಯಲಿಲ್ಲ.

ಈಗ ನಮ್ಮ ಪಟ್ಟು ಇದು. ಡೊಂಬಿವಲಿಯಿಂದ ಕುಂದಾಪುರ, ಉಡುಪಿ ಎಂದರೆ ೯೦೦ ಕಿಲೋಮೀಟರಿನ ಆಸುಪಾಸು. ಒಂದೇ ಓಟದಲ್ಲಿ ಹೋಗುವುದಾದರೆ ಇಬ್ಬರು ಡ್ರೈವರುಗಳನ್ನು ಕೇಳಿ, ಎರಡನೆಯವನ ಖರ್ಚನ್ನು ಏಳು ಪಾಲು ಮಾಡಿ. ಒಬ್ಬನೇ ಆದರೆ ಕೊಲ್ಹಾಪುರದಲ್ಲೋ ಬೆಳಗಾವಿಯಲ್ಲೋ ಅವನು ಮಲಗಲೇಬೇಕು, ಸೀಟಿನಲ್ಲಲ್ಲ, ಹಾಸಿಗೆಯಲ್ಲಿ. ಹೊರಡುವ ಮೊದಲು, "ನಿನ್ನೆ ಎಲ್ಲಿದ್ದೆಯಪ್ಪ?" ಎಂದು ಅವನನ್ನೇ ಕೇಳಿ. ರಾತ್ರಿಯ ಬಾಟಾ ಮಾಲಕನ ಲೆಕ್ಕದಲ್ಲಿ ಸೇರಿಸಬೇಡಿ, ಅವನ ಕೈಗೆ ಕೊಡಿ. ಬಿಳಿ ಬೋರ್ಡು ಬೇಡ. ಮಾಲಕ ಒಪ್ಪದಿದ್ದರೆ ಬೇರೆ ಮಾಲಕನಿದ್ದಾನೆ. ಚೌತಿಗೆ ಬೀದಿಯವರೆಲ್ಲ ಒಂದೇ ಮಾತಾಡಿದರೆ ಯಾವ ಮಾಲಕನೂ ಒಪ್ಪುತ್ತಾನೆ. ಗೊತ್ತುಮಾಡುವ ಮೊದಲು ಸಂಘದ ಕೋಣೆಗೆ ಬಂದು ಹೇಳಿದರೆ ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.

ಆ ಹುಡುಗನನ್ನು ನಾವು ಆಮೇಲೆ ಹುಡುಕಿದೆವು, ತಡವಾಗಿ. ಮಾಲಕನಲ್ಲಿ ಕೆಲಸ ಬಿಟ್ಟುಹೋಗಿದ್ದ. ಕಳಂಬೋಲಿಯಲ್ಲಿ ಲಾರಿ ಹತ್ತಿದ್ದಾನೆ ಎಂದು ಒಬ್ಬರೆಂದರು. ಅವನ ಪಗಾರದಲ್ಲಿ ಮುರಿದಷ್ಟು ಹಣವನ್ನು ಏಳು ಮಂದಿ ಕೂಡಿಸಿ ಸಂಘದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಅಕ್ಕಲಕೋಟೆ ಕಡೆಯವನು, ಎಡಹುಬ್ಬಿನ ಮೇಲೆ ಅರಬೈಲಿನ ಗಾಯದ ಗುರುತಿದೆ. ಕಂಡವರು ತಿಳಿಸಿರಿ.