ಕೂದಲೆಳೆಯ ತಪ್ಪು, ಐವತ್ತು ಮೀಟರಿನ ದಂಡ

ಪಿಸ್ತೂಲು ಸಮೀಪದ ಆಯುಧ, ದೂರದ ಗುರಿಗೆ ಸಲ್ಲದು ಎಂಬುದು ಜನರ ಸಾಮಾನ್ಯ ನಂಬಿಕೆ. ಚಲನಚಿತ್ರಗಳಾದರೋ ಇದಕ್ಕೆ ವಿರುದ್ಧವಾದುದನ್ನು ತೋರಿಸುವುವು. ಅಲ್ಲಿ ನಾಯಕನು ಓಡುತ್ತ ಹಾರಿಸಿದ ಗುಂಡೂ ಗುರಿ ತಪ್ಪದು. ಇವೆರಡೂ ಸತ್ಯಕ್ಕೆ ದೂರ. 50 ಮೀಟರ್ ದೂರದ ಗುರಿಯನ್ನು ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಹೊಡೆಯುವ ಸ್ಪರ್ಧೆಯೊಂದುಂಟು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೇ ಅದು ನಡೆದಿತ್ತು. 2016ರ ರಿಯೋ ಕೂಟದಲ್ಲಿ ನಮ್ಮ ಜೀತು ರಾಯ್ ಅವರೂ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರೂ ಅದರಲ್ಲಿ ಭಾಗವಹಿಸಿದರು. ಆ ಬಳಿಕ ಒಲಿಂಪಿಕ್ಸ್‌ನಿಂದ ಅದನ್ನು ತೆಗೆದುಹಾಕಲಾಯಿತು. ಹಾಗೆ ಮಾಡಿದುದು ಸರಿಯಲ್ಲವೆಂದು ನಾವು ಭಾವಿಸುವೆವು. ನಮ್ಮ ಕಾರಣ ವಿಜ್ಞಾನಕ್ಕೆ ಸಂಬಂಧಿಸಿದುದು.

ಈ ಗುರಿಹಲಗೆಯ ನಡುವಣ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಪಿಸ್ತೂಲಿನ ತುದಿಯಲ್ಲಿ ಒಂದು ಮೊನೆ, ಹಿಂಬದಿಯಲ್ಲಿ ಒಂದು ಕಚ್ಚು. ಇವೆರಡನ್ನೂ ಕಣ್ಣಿನಿಂದ ಒಂದೇ ನೇರಕ್ಕೆ ತರಬೇಕು. ಇವುಗಳ ನಡುವಣ ಅಂತರ 22 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹೈಸ್ಕೂಲಿನ ಸಮರೂಪ ತ್ರಿಭುಜಗಳ ಲೆಕ್ಕವನ್ನು ಹಾಕಿದರೆ, ಮೊನೆಯು ಕಚ್ಚಿನ ನಡುವಿನಿಂದ 0.11 ಮಿಲಿಮೀಟರ್, ಎಂದರೆ ದಪ್ಪ ಕೂದಲೆಳೆಯೊಂದರಷ್ಟು, ಸರಿದರೆ ಗುಂಡು 25 ಮಿಲಿಮೀಟರ್ ಸರಿದು ವೃತ್ತದ ಅಂಚನ್ನು ಮುಟ್ಟುವುದು.

ಇನ್ನೊಂದು ಬಗೆಯ ತಪ್ಪನ್ನು ನೋಡೋಣ. ಪಿಸ್ತೂಲು ಓರೆಯಾಗದೆ, ಇದ್ದ ನೇರದಲ್ಲಿಯೇ ಪಕ್ಕಕ್ಕೆ 5 ಮಿಲಿಮೀಟರ್ ಸರಿಯಿತೆನ್ನಿ. ಆಗ ಗುಂಡೂ 5 ಮಿಲಿಮೀಟರ್ ಮಾತ್ರ ಸರಿಯುವುದು. ಕೈಯ ಅಲುಗಾಟವನ್ನು ದೂರವು ಕ್ಷಮಿಸುವುದು. ಕೋನದ ತಪ್ಪನ್ನು ಕ್ಷಮಿಸದು. ಆದುದರಿಂದಲೇ ನುರಿತ ಗುರಿಕಾರನು ಗುರಿಯನ್ನು ದಿಟ್ಟಿಸುವುದಿಲ್ಲ. ಕಣ್ಣು ಏಕಕಾಲದಲ್ಲಿ ಹತ್ತಿರವನ್ನೂ ದೂರವನ್ನೂ ಸ್ಫುಟವಾಗಿ ಕಾಣಲಾರದು; ಅವನು ಮೊನೆಯ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಗುರಿಯನ್ನು ಮಸುಕಾಗಲು ಬಿಡುವನು.

ಗುರುತ್ವದ ಮಾತೇನು? ಸೆಕೆಂಡಿಗೆ ಸುಮಾರು 330 ಮೀಟರ್ ವೇಗದ ಗುಂಡು ಈ ದೂರವನ್ನು ಕ್ರಮಿಸುವಷ್ಟರಲ್ಲಿ ಹತ್ತು ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿಯುವುದು. ಆದರೆ ಇದು ಪ್ರತಿ ಸಲವೂ ಒಂದೇ ರೀತಿಯ ತಪ್ಪು; ತಿರುಪೊಂದನ್ನು ತಿರುಗಿಸಿದರೆ ನಿವಾರಣೆಯಾಗುವುದು. ಉಸಿರಿಗೂ ಎದೆಬಡಿತಕ್ಕೂ ಅವಸರದ ಬೆರಳಿಗೂ ಅಂಥ ತಿರುಪಿಲ್ಲ. 2008ರ ಬೀಜಿಂಗ್ ಕೂಟದಲ್ಲಿ ಈ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದವರಿಂದ ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಎದೆಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಎಂಬ ಔಷಧ ಅವರ ಪರೀಕ್ಷೆಯಲ್ಲಿ ಕಂಡುಬಂದಿತ್ತು. 60 ಗುಂಡುಗಳಿಗೆ ಪೂರ್ಣಾಂಕ 600. ಸೋವಿಯತ್ ಒಕ್ಕೂಟದ ಮೆಲೆಂತೀವ್ 1980ರಲ್ಲಿ 581 ಅಂಕ ಗಳಿಸಿದರು. ಕೊರಿಯದ ಜಿನ್ ಜೊಂಗ್-ಓ 583 ಗಳಿಸಿ ಅದನ್ನು ಮೀರಿದುದು 2014ರಲ್ಲಿ. 34 ವರ್ಷಗಳ ಯಂತ್ರಕೌಶಲವೆಲ್ಲ ಕೂಡಿಯೂ ಎರಡೇ ಅಂಕಗಳ ಏರಿಕೆ! ಮಿತಿ ಇರುವುದು ಉಪಕರಣದಲ್ಲಲ್ಲ, ಮನುಷ್ಯನಲ್ಲಿ.

ಸ್ತ್ರೀಪುರುಷರಿಗೆ ಸಮಾನ ಅವಕಾಶ ಕಲ್ಪಿಸುವ ಸಲುವಾಗಿ 2017ರಲ್ಲಿ ಇದನ್ನು ಬಿಟ್ಟು, 10 ಮೀಟರ್ ಏರ್ ಪಿಸ್ತೂಲಿನ ಮಿಶ್ರ ತಂಡಗಳ ಸ್ಪರ್ಧೆಯನ್ನು ಸೇರಿಸಿದರು. ಉದ್ದೇಶವು ನಿಸ್ಸಂದೇಹವಾಗಿ ಉತ್ತಮವಾದುದು. ಹತ್ತು ಮೀಟರಿನ ವೃತ್ತವು 11.5 ಮಿಲಿಮೀಟರ್ ಮಾತ್ರವಾದುದರಿಂದ ಅಲ್ಲಿಯ ಕೋನವೂ ಹೆಚ್ಚುಕಡಿಮೆ ಇಷ್ಟೇ ಎಂದು ವಾದಿಸಬಹುದು. ನಿಜ. ಆದರೆ ಅಲ್ಲಿ ಕೈ 5 ಮಿಲಿಮೀಟರ್ ಸರಿದರೂ ಗುಂಡು ವೃತ್ತದ ಅಂಚಿಗೆ ಬಂದುಬಿಡುವುದು; ಎರಡು ಬಗೆಯ ತಪ್ಪುಗಳೂ ಬೆರೆತುಹೋಗುವುವು. ಅವುಗಳನ್ನು ಬೇರ್ಪಡಿಸಿ ತೋರಿಸುವುದು ದೂರವೇ. ಅದಲ್ಲದೆ ಗಾಳಿ ಬೆಳಕುಗಳ ಪರೀಕ್ಷೆಯೂ ಬಯಲಿನ ಐವತ್ತು ಮೀಟರಿನಲ್ಲಿಯೇ. ಸ್ತ್ರೀಯರನ್ನೂ ಈ ಸ್ಪರ್ಧೆಗೆ ಕರೆಯುವುದು ಮೇಲಾದ ಮಾರ್ಗವಾಗಿತ್ತು. 2023ರ ಬಾಕು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ತ್ರೀಯರೂ 50 ಮೀಟರಿನಲ್ಲಿ ಸ್ಪರ್ಧಿಸಿದರಷ್ಟೆ.

ಪ್ರಯೋಗಶಾಲೆಯಲ್ಲಿ ಉತ್ತರ ತಪ್ಪಿದಾಗ ನಾವು ಮೊದಲು ದೂರುವುದು ತಕ್ಕಡಿಯನ್ನು. ಯಾವ ತಪ್ಪು ಉಪಕರಣದ್ದು, ಯಾವುದು ನಮ್ಮದು ಎಂದು ವಿಂಗಡಿಸಬಲ್ಲವನೇ ವಿಜ್ಞಾನದ ವಿದ್ಯಾರ್ಥಿ. ಆ ವಿವೇಕವನ್ನು ಒಂದೊಂದು ಗುಂಡಿಗೂ ಕಲಿಸುವ ಈ ಸ್ಪರ್ಧೆಯು ಒಲಿಂಪಿಕ್ಸ್‌ಗೆ ಮರಳಲೆಂದು ನಾವು ಹಾರೈಸುವೆವು.