70 ಸಾವಿರದಲ್ಲಿ ಮಾವನಿಗೊಂದು ಪೂಲ್ ಟೇಬಲ್

ಮಾವ ಕ್ಲಬ್‌ಗೆ ಹೋಗೋದು ನಿಲ್ಲಿಸಿ ವರ್ಷವಾಯ್ತು. ಕೈ ಇನ್ನೂ ಗಟ್ಟಿಯಾಗಿದೆ, ಆದರೆ ಸಂಜೆಯಾದಮೇಲೆ ಸ್ಕೂಟರ್ ಓಡಿಸೋಕೆ ಕಣ್ಣು ಸಾಲೋದಿಲ್ಲ. ಬಿಲಿಯರ್ಡ್ಸ್ ಜೊತೆಗಾರರೂ ಹಾಗೇ ದೂರವಾದರು. ಸಂಜೆಯಿಡೀ ಟಿವಿ ಮುಂದೆ ಸುಮ್ಮನೆ ಕೂರುವ ಅವರನ್ನು ನೋಡಿ ನನ್ನ ಗಂಡ ಮತ್ತು ನಾದಿನಿ ಸೇರಿ 70 ಸಾವಿರ ಎತ್ತಿಟ್ಟರು. ಹುಡುಕೋ ಕೆಲಸ ನನ್ನ ಪಾಲಿಗೆ ಬಂತು.

ಮೈಸೂರಿನ ಮನೆಯ ಮಹಡಿ ರೂಮು 13 ಅಡಿಗೆ 17 ಅಡಿ. 12 ಅಡಿ ಉದ್ದದ ಸ್ನೂಕರ್ ಟೇಬಲ್ ಆಸೆ ಅಲ್ಲಿಗೇ ಮುಗೀತು. ಪೂಲ್ ಟೇಬಲ್‌ಗಳು ಸಾಮಾನ್ಯವಾಗಿ 7, 8, 9 ಅಡಿಯವು. ಅಂಗಡಿಯವರು ಟೇಬಲ್ ಅಳತೆ ಹೇಳಿ "ಆರಾಮಾಗಿ ಹಿಡಿಯುತ್ತೆ ಮೇಡಂ" ಅಂತಾರೆ. ಹಿಡಿಯುತ್ತೆ, ನಿಜ. ಆಡೋದೆಲ್ಲಿ? ಕ್ಯೂ ಕೋಲು 58 ಇಂಚು ಇರುತ್ತೆ, ಅದನ್ನು ಹಿಂದಕ್ಕೆಳೆಯೋಕೆ ನಾಲ್ಕೂ ಕಡೆ ಜಾಗ ಬೇಕು. 7 ಅಡಿ ಟೇಬಲ್‌ನ ಆಟದ ಜಾಗ ಸುಮಾರು 78 ಇಂಚಿಗೆ 39. ಎರಡೂ ಬದಿಗೆ ಕೋಲಿನ ಉದ್ದ ಕೂಡಿಸಿ ನೋಡಿ, ಹೆಚ್ಚುಕಡಿಮೆ 16 ಅಡಿಗೆ 13 ಅಡಿ ಆಗುತ್ತೆ. ನಮ್ಮ ರೂಮಿಗೆ ಕೂದಲೆಳೆಯಲ್ಲಿ ಸರಿಹೋಯ್ತು. ಗೋಡೆ ಬದಿಯ ಹೊಡೆತಕ್ಕೆ 48 ಇಂಚಿನ ಗಿಡ್ಡ ಕೋಲೊಂದು ಜೊತೆಗಿದ್ದರೆ ಒಳ್ಳೇದು. ಬೆಂಗಳೂರಿನಲ್ಲಿ ನಮ್ಮ ಫ್ಲಾಟ್‌ನ ಹಾಲ್ 10 ಅಡಿ ಅಗಲ. ಅಲ್ಲಿ ಇದರ ಮಾತೇ ಬೇಡ.

ದುಡ್ಡು ಹೋಗೋದು ಹಾಸಿನ ಮೇಲೆ. ಅಗ್ಗದ ಟೇಬಲ್‌ಗಳಲ್ಲಿ ಹಸಿರು ಬಟ್ಟೆಯ ಕೆಳಗೆ ಎಂಡಿಎಫ್ ಹಲಗೆ ಇರುತ್ತೆ. ಮಳೆಗಾಲದ ತೇವ ಕುಡಿದು ಅದು ಉಬ್ಬುತ್ತೆ, ವರ್ಷ ಕಳೆದಂತೆ ನಡು ಜಗ್ಗುತ್ತೆ. ಆಮೇಲೆ ಚೆಂಡು ತನಗಿಷ್ಟ ಬಂದ ಕಡೆ ಹೋಗುತ್ತೆ. ಒಳ್ಳೇ ಟೇಬಲ್‌ಗೆ ಸ್ಲೇಟ್ ಕಲ್ಲಿರುತ್ತೆ, ನಮ್ಮ ಅಜ್ಜಂದಿರು ಬಳಪದಲ್ಲಿ ಅಕ್ಷರ ತಿದ್ದಿದ ಹಲಗೆಯ ಜಾತಿಯ ಕಲ್ಲೇ. ಅದು ಜಗ್ಗಲ್ಲ. ಆದರೆ 7 ಅಡಿಯದ್ದೂ ಕಾಲು ಟನ್ ಮೀರಬಹುದು. ಹಳೇ ಮದ್ರಾಸ್ ತಾರಸಿ ಮನೆಯಾದರೆ ಇಂಜಿನಿಯರ್ ನೋಡದೆ ಮಹಡಿಗೆ ಹತ್ತಿಸಬೇಡಿ. ನಮ್ಮದು ಆರ್‌ಸಿಸಿ, ಆದರೂ ತೋರಿಸಿದೆವು.

70 ಸಾವಿರಕ್ಕೆ ನಮ್ಮ ಮುಂದಿದ್ದದ್ದು ಎರಡು: ಹೊಸ, ಹೊಳೆಯುವ, 8 ಅಡಿಯ ಎಂಡಿಎಫ್, ಇಲ್ಲವೇ ಮುಚ್ಚುತ್ತಿದ್ದ ಪಾರ್ಲರ್ ಒಂದರ 7 ಅಡಿಯ ಸ್ಲೇಟ್, ಕಾಲಿನ ಪಾಲಿಶ್ ಪೂರಾ ಹೋಗಿತ್ತು. ಗಂಡನಿಗೆ ಹೊಸದರ ಮೇಲೆ ಕಣ್ಣು. ನಾನು ಮಾವನನ್ನೇ ಪಾರ್ಲರ್‌ಗೆ ಕರ್ಕೊಂಡು ಹೋದೆ.

ಅವರು ಪಾಲಿಶ್ ಕಡೆ ನೋಡಲೂ ಇಲ್ಲ. ರಸಮಟ್ಟ ಕೇಳಿ ತಗೊಂಡು ಹಾಸಿನ ಮೇಲೆ ಅಲ್ಲಲ್ಲಿ ಇಟ್ಟರು. ಒಂದು ಚೆಂಡನ್ನು ಬಲು ಮೆಲ್ಲಗೆ ಉರುಳಿಸಿ, ನಿಲ್ಲುವ ಹೊತ್ತಿಗೆ ಅದು ಯಾವ ಕಡೆ ವಾಲುತ್ತೆ ಅಂತ ಬಗ್ಗಿ ನೋಡಿದರು. "ಟೇಬಲ್ ಪೂರಾ ವಾಲಿದ್ರೆ ಕಾಲಿನ ಕೆಳಗೆ ಏನಾದ್ರೂ ಕೊಟ್ಟು ಸರಿಮಾಡಬಹುದಮ್ಮಾ. ನಡುವೆ ತಗ್ಗಾಗಿದ್ರೆ ಏನೂ ಮಾಡಕ್ಕಾಗಲ್ಲ." ಆಮೇಲೆ ಜೋರಾಗಿ ಒಂದು ಹೊಡೆತ. ಚೆಂಡು ಗೋಡೆಯಿಂದ ಗೋಡೆಗೆ ಮೂರು ನಾಲ್ಕು ಸಲ ಓಡಬೇಕಂತೆ. ದಪ್ ಅಂತ ಸದ್ದು ಮಾಡಿ ಸುಸ್ತಾದರೆ ಕುಶನ್ ರಬ್ಬರ್ ಸತ್ತಿದೆ ಅಂತ ಅರ್ಥ. ಇದು ಓಡಿತು. ಪಾಕೆಟ್ ನೋಡಿ ಮಾತ್ರ ಮೂಗು ಮುರಿದರು: "ಇದೇನು, ಬಕೆಟ್ ಇಟ್ಟಿದ್ದಾರಲ್ಲ!" ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್‌ನದು 57. ಬಿಲಿಯರ್ಡ್ಸ್ ಆಡಿದ ಕೈಗೆ ಇದು ಮಕ್ಕಳಾಟ ಅನ್ನಿಸೋದು ಸಹಜ. ಅಲ್ಲಿಂದ ಎಬ್ಬಿಸಿಕೊಂಡು ಬರೋಕೆ ಮಾತ್ರ ಒಂದೂವರೆ ಗಂಟೆ ಬೇಕಾಯ್ತು.

ಲೆಕ್ಕ ಹೀಗಿತ್ತು. ಟೇಬಲ್‌ಗೆ 42 ಸಾವಿರ. ಬಿಚ್ಚಿ, ಸಾಗಿಸಿ, ಮಹಡಿಯಲ್ಲಿ ಜೋಡಿಸೋಕೆ 12. ಹೊಸ ಬಟ್ಟೆಗೆ 8. ಚೆಂಡಿನ ಸೆಟ್, ಎರಡು ಕೋಲು ಸೇರಿ 6. ಒಟ್ಟು 68 ಸಾವಿರ. ಸಾಗಾಟ ಮತ್ತು ಬಟ್ಟೆಯ ಖರ್ಚು ಕೇಳದೆ ಸೆಕೆಂಡ್‌ಹ್ಯಾಂಡ್ ಬೆಲೆಗೆ ಹೂಂ ಅನ್ನಬೇಡಿ. ಬಾಡಿಗೆ ಮನೆಯಲ್ಲಿರೋರು ಮನೆ ಬದಲಿಸಿದಾಗೆಲ್ಲ ಆ 12 ಸಾವಿರ ಮತ್ತೆ ಎಣಿಸಬೇಕು. ನನ್ನನ್ನು ಕೇಳಿದರೆ, ಅವರು ಗಂಟೆ ಲೆಕ್ಕದಲ್ಲಿ ಪಾರ್ಲರ್‌ನಲ್ಲೇ ಆಡಲಿ.

ದುಡ್ಡಿಗಿಂತ ದೊಡ್ಡ ಮಾತುಕತೆ ಅತ್ತೆಯ ಜೊತೆ ಉಳಿದಿತ್ತು. ಆ ಮಹಡಿ ರೂಮಿನಲ್ಲಿ ಅವರ ಹೊಲಿಗೆ ಮೆಷಿನ್ ಇದೆ, ಬೀರು ಇದೆ, ಇಪ್ಪತ್ತು ವರ್ಷದ ಮಧ್ಯಾಹ್ನಗಳಿವೆ. "ಅವರಿಗೆ ಬೇಜಾರು ಅಂತ ನನ್ನ ರೂಮು ಖಾಲಿ ಮಾಡಿಸ್ತೀರಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಇದನ್ನು ನಾವು ಮೂವರಲ್ಲಿ ಯಾರೂ ಕೇಳಿರಲಿಲ್ಲ. ಮಾವನೇ ಉತ್ತರ ಕೊಟ್ಟರು. ಕೆಳಗಿನ ಹಾಲ್‌ನಲ್ಲಿ ಕಿಟಕಿ ಪಕ್ಕ, ಒಳ್ಳೇ ಬೆಳಕಿರೋ ಕಡೆ ತಮ್ಮ ಕುರ್ಚಿ ಇತ್ತಲ್ಲ, ಅದನ್ನು ಎತ್ತಿ ಮೆಷಿನ್‌ಗೆ ಜಾಗ ಬಿಟ್ಟರು. ಟಿವಿ ಅಲ್ಲಿಂದ ಕಾಣಲ್ಲ ಅಂತ ಅತ್ತೆ ತಿರುಗಿಸಿ ಇಡಿಸಿಕೊಂಡರು.

ಬರೋ ಭಾನುವಾರ ಟೇಬಲ್ ಬರುತ್ತೆ. ಉಳಿದ 2 ಸಾವಿರಕ್ಕೆ ಮೇಲೆ ಒಂದು ಉದ್ದನೆ ಲೈಟು, ಧೂಳು ಕೂರದ ಹಾಗೆ ಒಂದು ಹೊದಿಕೆ. ಹೊದಿಕೆ ತಾನೇ ಹೊಲಿತೀನಿ, ಅಳತೆ ಕಳಿಸು ಅಂತ ಅತ್ತೆ ಮೆಸೇಜ್ ಮಾಡಿದ್ದಾರೆ.