ವುಝೂ ನೀರಿನ ಹಿತ್ತಲು

ಸಹೋದರಿಯರೇ, ಶಿವರಾತ್ರಿ ಕಳೆಯುತ್ತಿದ್ದಂತೆ ನಮ್ಮ ಸೀಮೆಯಲ್ಲಿ ಚಳಿ ಕಾಲು ಕೀಳುತ್ತದೆ. ಬೇವು ಚಿಗುರುತ್ತದೆ. ಪುಸ್ತಕಗಳಲ್ಲಿ ಇದು ವಸಂತ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೆಣ್ಣುಮಕ್ಕಳಿಗೆ ಇದು ಕೊಡ ಎಣಿಸುವ ಕಾಲ. ನಲ್ಲಿ ನೀರಿಗಾಗಿ ವಾರಗಟ್ಟಲೆ ಕಾಯ್ದ ಬೇಸಿಗೆಗಳನ್ನು ಗದಗದವರು ಮರೆತಿಲ್ಲ. ಹಳ್ಳಿಯ ಬೋರ್‌ವೆಲ್ ನೀರು ಹಲವೆಡೆ ಸವಳು. ಮುಂಡರಗಿ ಭಾಗದಲ್ಲಂತೂ ಫ್ಲೋರೈಡ್ ಬೇರೆ. ಕುಡಿಯಲಿಕ್ಕೇ ಇಲ್ಲದ ನೀರನ್ನು ಪಲ್ಯಕ್ಕೆ ಎಲ್ಲಿಂದ ತರೋಣ ಎನ್ನುತ್ತಲೇ ಎಷ್ಟೋ ಹಿತ್ತಲುಗಳು ಬರಿದಾದವು. ಈಗ ಒಂದು ಹಿಡಿ ಕೊತ್ತಂಬರಿಗೂ ಸಂತೆಯ ದಾರಿ ಕಾಯಬೇಕು.

ನೀರು ಮನೆಯಲ್ಲೇ ಇದೆ, ಬಚ್ಚಲಿನಿಂದ ಚರಂಡಿಗೆ ಹೋಗುತ್ತಿದೆ. ಒಂದು ತಂಬಿಗೆಯಲ್ಲಿ ವುಝೂ ಮುಗಿಸಿದರೂ ಐದು ಜನರ ಮನೆಯಲ್ಲಿ ದಿನಕ್ಕೆ 25 ತಂಬಿಗೆಯಾಯಿತು. ಗಂಡಸರು ಮಸೀದಿಯಲ್ಲಿ ವುಝೂ ಮಾಡುತ್ತಾರೆ ಎಂದುಕೊಂಡರೂ ಒಂದು ಕೊಡಕ್ಕೆ ಮೋಸವಿಲ್ಲ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಲ್ಲಿ ಬಿಟ್ಟು ನಿಲ್ಲುವ ನಮ್ಮ ಲೆಕ್ಕವನ್ನು ನೀವೇ ಹಾಕಿರಿ.

ವುಝೂ ಮಾಡಿದ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು. ಅಂತಹ ನೀರಿನಿಂದ ಮತ್ತೊಮ್ಮೆ ವುಝೂ ಆಗುವುದಿಲ್ಲ, ಆದರೆ ನೀರು ಪಾಕ್ ಆಗಿಯೇ ಇರುತ್ತದೆ. ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳ ಮಾತು ಇದೇ. ಬುಟ್ಟಿಯೊಂದನ್ನು ಕೆಳಗಿಟ್ಟುಕೊಂಡು ಕುಳಿತರೆ ಸಾಕು. ಸಾಬೂನಿನ ನೀರನ್ನು ಮಾತ್ರ ಸೊಪ್ಪಿಗೆ ಹಾಕಬೇಡಿ, ಅದು ಬಾಳೆಗೋ ತೆಂಗಿಗೋ ಹೋಗಲಿ.

ಇನ್ನು ಮಡಿ. ಮಳೆನಾಡಿನವರಂತೆ ಏರುಮಡಿ ಮಾಡುವುದು ನಮ್ಮಲ್ಲಿ ತಪ್ಪು, ಬಿಸಿಗಾಳಿಗೆ ಎರಡೇ ದಿನದಲ್ಲಿ ಒಣಗುತ್ತದೆ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ನೆಲಕ್ಕಿಂತ ನಾಲ್ಕು ಬೆರಳು ತಗ್ಗಾಗಿರಲಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಆದ್ದರಿಂದ ಎರಡು ಬುಟ್ಟಿ ಮಸಾರಿ ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲು ಗ್ಯಾರಂಟಿ. ಮೇಲೆ ಶೇಂಗಾ ಸಿಪ್ಪೆ, ಒಣ ಎಲೆ ಹೊದಿಸಿದರೆ ದಿನಕ್ಕೊಂದು ಕೊಡ ನೀರು ಸಾಲುತ್ತದೆ. ಬೆಟಗೇರಿಯ ಓಣಿಗಳಲ್ಲಿ ಮಗ್ಗಕ್ಕೆ ಜಾಗ ಬಿಟ್ಟರೆ ಹಿತ್ತಲೆಲ್ಲಿದೆ? ಅಲ್ಲಿ ಸಿಮೆಂಟ್ ಚೀಲಗಳೇ ಮಡಿ.

ಚವಳಿಕಾಯಿ, ಬೆಂಡಿಕಾಯಿ, ಹೀರೆ, ಪುಂಡಿ, ರಾಜಗಿರಿ ಈ ಬಿಸಿಲಿಗೆ ಬಗ್ಗುವುದಿಲ್ಲ. ಬೆಂಡಿ ಬೀಜವನ್ನು ರಾತ್ರಿ ನೆನೆಹಾಕಿ. ಎಲೆ ಹಳದಿಯಾಗುವ ರೋಗ ಕಾಡಿದ್ದರೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಅನಾಮಿಕಾ ತಳಿಯನ್ನು ಕೇಳಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ರಾಜಗಿರಿ ತಿಂಗಳಲ್ಲಿ ಕೈಗೆ ಬರುತ್ತದೆ. ಎಲ್ಲ ಬೀಜ ಒಮ್ಮೆಗೇ ಚೆಲ್ಲದೆ 15 ದಿನಕ್ಕೊಮ್ಮೆ ಹಾಕಿ. ಸವಳು ನೀರಿನವರು ಬೀನ್ಸ್ ಆಸೆ ಬಿಟ್ಟು, ಹಳೆಯ ಸೀರೆಯ ನೆರಳು ಕಟ್ಟಿ ಪಾಲಕ ಹಾಕಲಿ.

ಪಾಲಕ ಎಂದಾಗ ಮದೀನಾದ ಒಬ್ಬ ಮಹಿಳೆ ನೆನಪಾಗುತ್ತಾರೆ. ಹೊಲದ ನೀರುಗಾಲುವೆಯ ಅಂಚಿನಲ್ಲಿ ಅವರು 'ಸಿಲ್ಕ್' ಎಂಬ ಸೊಪ್ಪು ಬೆಳೆಯುತ್ತಿದ್ದರು. ಶುಕ್ರವಾರ ಅದರ ಗಡ್ಡೆ ಕಿತ್ತು, ಒಂದು ಹಿಡಿ ಜವೆಗೋಧಿ ಹಿಟ್ಟು ಹಾಕಿ ಬೇಯಿಸಿ, ಜುಮಾ ಮುಗಿಸಿ ಬಂದ ಸಹಾಬಿಗಳಿಗೆ ಉಣಬಡಿಸುತ್ತಿದ್ದರು. ಆ ಊಟಕ್ಕಾಗಿ ತಾವು ಶುಕ್ರವಾರದ ದಾರಿ ನೋಡುತ್ತಿದ್ದೆವೆಂದು ಸಹ್ಲ್ ಬಿನ್ ಸಅದ್(ರ) ಹೇಳಿದ್ದು ಬುಖಾರಿಯಲ್ಲಿದೆ. ಸಿಲ್ಕ್ ಬೀಟ್‌ರೂಟ್ ಜಾತಿಯದು, ನಮ್ಮ ಸಂತೆಯ ಪಾಲಕವೂ ಅದೇ ಜಾತಿಯದೇ! ಆಕೆಯ ಹೊಲವೇನೋ ದೊಡ್ಡದಿರಬಹುದು, ಆದರೆ ಸೊಪ್ಪು ಬೆಳೆದದ್ದು ನೀರು ಹೇಗೂ ಹರಿಯುವ ಅಂಚಿನಲ್ಲಿ. ನಮ್ಮ ಬಚ್ಚಲ ಬದಿಯೂ ಅಂಥದ್ದೇ ಜಾಗ.

ಮಿಕ್ಕ ಪಲ್ಯ ಮಾರಿದರೆ ಆ ದುಡ್ಡು ಯಾರದು? ಇದು ಸಣ್ಣ ಪ್ರಶ್ನೆಯಲ್ಲ. ಎಷ್ಟೋ ಮನೆಗಳಲ್ಲಿ ಹೆಂಡತಿ ಬೆಳೆದ ಹೀರೆಕಾಯಿಯ ಹಣ ಗಂಡನ ಜೇಬಿನಲ್ಲೇ ಕೂರುತ್ತದೆ. ಜಾಬಿರ್(ರ)ರ ಚಿಕ್ಕಮ್ಮ ತಲಾಕ್‌ನ ನಂತರ ಇದ್ದತ್‌ನಲ್ಲಿದ್ದಾಗ ತಮ್ಮ ಖರ್ಜೂರ ಕೊಯ್ಯಲು ಹೊರಟರು. ಒಬ್ಬಾತ ತಡೆದು ಗದರಿದ. ಆಕೆ ಸುಮ್ಮನೆ ಮನೆಗೆ ಮರಳದೆ ನೇರ ಪ್ರವಾದಿವರ್ಯರ(ಸ) ಬಳಿಗೆ ಹೋದರು. ಹೋಗಿ ಕೊಯ್ಯಲು ಅವರು ಅನುಮತಿಸಿದರು, ಅದರಿಂದ ದಾನವನ್ನೋ ಒಳಿತನ್ನೋ ಮಾಡಬಹುದಲ್ಲವೇ ಎಂದರು. ಮುಸ್ಲಿಮ್‌ನಲ್ಲಿರುವ ಹದೀಸಿದು. ದಾನದ ಮಾತು ಬಂದಿತೆಂದರೆ ಫಲ ಆಕೆಯದೇ ಎಂದಾಯಿತು, ಅನ್ಯರ ಸೊತ್ತನ್ನು ಯಾರೂ ದಾನ ಮಾಡಲಾರರು.

ಈ ಪುಟವನ್ನು ಮನೆಯ ಗಂಡಸರೂ ಓದುತ್ತಾರೆಂದು ಬಲ್ಲೆ. ಎರೆಮಣ್ಣಿನ ಹೆಂಟೆ ಒಡೆಯುವುದು ರಟ್ಟೆಯ ಕೆಲಸ, ಆ ಗುದ್ದಲಿ ಅವರ ಪಾಲಿಗಿರಲಿ. ರಮಝಾನ್ ಇದೇ ದಿನಗಳಲ್ಲಿ ಬಂದರೆ ಫಜ್ರ್‌ನ ನಂತರದ ತಂಪಿನಲ್ಲಿ ದಿನಕ್ಕೆ ಎರಡಡಿ ಅಗೆದರೂ ಯುಗಾದಿಯೊಳಗೆ ಮಡಿ ಸಿದ್ಧವಾಗುತ್ತದೆ.